ಜಾನ್ ಪಾಷಾ ಹಿಂಜಿಕೊಟ್ಟ ಹಾಸಿಗೆ

ಹುಣಸೂರಿನ ಸುತ್ತಮುತ್ತ ಮಗಳ ಮದುವೆ ಗೊತ್ತಾದರೆ ಛತ್ರದವರಿಗೆ, ಓಲಗದವರಿಗೆ ಹೇಳಿದ ಹಾಗೆ ಜಾನ್ ಪಾಷಾ ಅವರಿಗೂ ಒಂದು ಮಾತು ಹೇಳುವುದು ವಾಡಿಕೆ. ಅನುಕೂಲ ಇದ್ದವರು ಹೊಸ ಹಾಸಿಗೆ ಹೊಲಿಸುತ್ತಾರೆ. ಇಲ್ಲದವರು ಮನೆಯಲ್ಲಿರುವ ಹಳೆಯದನ್ನೇ ಸುರುಳಿ ಸುತ್ತಿಕೊಂಡು ಬಂದು ಅಂಗಡಿಯ ಮುಂದೆ ಇಳಿಸಿ, "ಸಾಬ್ರೆ, ಮಗೀನ ಕಳುಸ್ತಾ ಇವ್ನಿ, ಒಸಿ ಇಂಜ್ಕೊಡಿ" ಎನ್ನುತ್ತಾರೆ.

ಜಾನ್ ಪಾಷಾ ಹೊಲಿಗೆ ಬಿಚ್ಚುತ್ತಾರೆ. ವರ್ಷಗಟ್ಟಲೆ ಮೈಭಾರ ಹೊತ್ತು ಹಲಗೆಯಾಗಿ ಕೂತ ಹತ್ತಿಯನ್ನು ಹೊರಗೆಳೆದು ಬಿಸಿಲಿಗೆ ಹರವುತ್ತಾರೆ, ಆಮೇಲೆ ಮಷೀನಿಗೆ ಕೊಟ್ಟು ಹಿಂಜುತ್ತಾರೆ. ಬೆಳಿಗ್ಗೆ ಒಂದು ತೆಕ್ಕೆಯಿದ್ದದ್ದು ಮಧ್ಯಾಹ್ನಕ್ಕೆ ಅಂಗಡಿ ತುಂಬುತ್ತದೆ. ಸಂಜೆಗೆ ಅದೇ ಹಾಸಿಗೆ ಹಸಿ ಬಾಣಂತಿಯ ಕೂಸಿನ ಕೆನ್ನೆಯಂತೆ ಉಬ್ಬಿ ನಿಂತಿರುತ್ತದೆ. ಅವರ ತಂದೆ ಬಿಲ್ಲು ಹೆಗಲಿಗೆ ಹಾಕಿಕೊಂಡು ಪಿರಿಯಾಪಟ್ಟಣದವರೆಗೆ ಊರೂರು ತಿರುಗಿ, ಜಗಲಿಗಳ ಮೇಲೆ ಕೂತು ಹತ್ತಿ ಹಿಂಜುತ್ತಿದ್ದವರು. ಹಾಸಿಗೆಗೆ ಮುಪ್ಪಿಲ್ಲ, ಹಿಂಜುವವನು ಇರಬೇಕು ಅಷ್ಟೇ ಎಂದು ಹೇಳುತ್ತಿದ್ದರಂತೆ. ಬಿಲ್ಲು ಹೋಗಿ ಮಷೀನು ಬಂತು. ಫೋಮಿನ ಅಂಗಡಿಗಳು ಬಂದ ಮೇಲೆ ಗಿರಾಕಿಗಳು ಅರ್ಧಕ್ಕರ್ಧ ಕಡಿಮೆಯಾದರು. ಆದರೂ ಅರವತ್ತು ದಾಟಿದ ಜಾನ್ ಪಾಷಾ ಅವರ ಕೈ ಮೆತ್ತನೆಯದು ಎಂಬ ಹೆಸರು ತಾಲ್ಲೂಕಿನಲ್ಲಿ ಹಾಗೇ ಉಳಿದಿತ್ತು. ಆ ಹೆಸರಿನ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಹೋದ ವರ್ಷ ಶಾಲೆ ಶುರುವಾದ ಹೊಸತರಲ್ಲಿ ಪಿ.ಟಿ. ಮೇಷ್ಟ್ರು ಶಶಿಕುಮಾರ್ ಅಂಗಡಿಗೆ ಬಂದರು. ಕಾಲೇಜಿನ ದಿನಗಳಲ್ಲಿ ಮೈಸೂರಿನಲ್ಲಿ ಜಿಮ್ನಾಸ್ಟಿಕ್ಸ್ ಕಲಿತವರು. ಶಾಲೆಯ ಹಿಂದಿನ ಖಾಲಿ ಹೊಗೆಸೊಪ್ಪಿನ ಗೋಡೌನನ್ನು ಅದರ ಯಜಮಾನರಿಂದ ಕೇಳಿ ಪಡೆದು, ಒಂದು ಎತ್ತರ ಒಂದು ತಗ್ಗು ಅಂತ ಎರಡು ಅಡ್ಡ ಕಂಬಿ ನಿಲ್ಲಿಸಿ, ಹತ್ತಾರು ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದರು. ಕೆಳಗೆ ಹಾಸುವುದಕ್ಕೆ ಗೋಣಿಚೀಲ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಅವರು ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದರು. ರಷ್ಯಾದ ಒಬ್ಬ ಹುಡುಗಿ ಕಂಬಿ ಹಿಡಿದು ಗಿರಗಿರನೆ ತಿರುಗಿ, ಕೈಬಿಟ್ಟು, ಗಾಳಿಯಲ್ಲಿ ಎರಡು ಲಾಗ ಹಾಕಿ ನೆಲಕ್ಕೆ ನೆಟ್ಟಂತೆ ನಿಂತಳು.

"ಅಲ್ಲಾ! ಇದೇನು ಸಾರ್, ಹುಡುಗೀನೋ ಹಕ್ಕೀನೋ?" ಎಂದರು ಜಾನ್ ಪಾಷಾ.

"ಹುಡುಗೀನ ನೋಡ್ಬೇಡಿ ಸಾಬ್ರೆ. ಅವಳ ಕಾಲ ಕೆಳಗೆ ಇರೋದು ನೋಡಿ. ಅಂಥದ್ದು ಬೇಕು ನನಗೆ."

ಜಾನ್ ಪಾಷಾ ಇನ್ನೊಂದು ಸಲ ವಿಡಿಯೋ ನೋಡಿದರು. ಆ ಸಲವೂ ಹುಡುಗಿಯನ್ನೇ ನೋಡಿದರು.

ಮೇಷ್ಟ್ರು ಹೇಳಿದ್ದು ಸ್ಪಷ್ಟವಾಗಿತ್ತು. ಅಡಿಯಲ್ಲಿ ತೆಂಗಿನ ನಾರನ್ನು ಒತ್ತಿ ಒತ್ತಿ ತುಂಬಬೇಕು. ಮೇಲೆ ಹತ್ತಿ ತೆಳುವಾಗಿರಬೇಕು. ಹೊಲಿಗೆ ಒತ್ತೊತ್ತಾಗಿ ಬೀಳಬೇಕು. ಮೇಲೊಂದು ಟಾರ್ಪಾಲಿನ ಗವಸು.

"ಇದರ ಮೇಲೆ ನಾಯೀನೂ ಮಲಗಲ್ಲ ಸಾರ್."

"ಮಲಗೋಕಲ್ಲ ಸಾಬ್ರೆ, ನಿಲ್ಲೋಕೆ."

ಹೇಳಿದಂತೆಯೇ ಹೊಲಿದರು. ಹತ್ತಿಯನ್ನು ಮಾತ್ರ ಮೇಷ್ಟ್ರು ಹೇಳಿದ್ದಕ್ಕಿಂತ ಸ್ವಲ್ಪ ಧಾರಾಳವಾಗಿ ಹಾಕಿದರು. ಅಷ್ಟು ಗಡಸು ಮಾಲನ್ನು ತಮ್ಮ ಕೈಯಿಂದ ಹೊರಗೆ ಕಳಿಸಲು ಮನಸ್ಸು ಒಪ್ಪಲಿಲ್ಲ. ಮೇಷ್ಟ್ರು ಕಾಲಲ್ಲಿ ಒತ್ತಿ ನೋಡಿ, "ಒಸಿ ಜಾಸ್ತಿ ಆಯ್ತಲ್ಲ" ಎಂದಾಗ, "ಮಕ್ಕಳು ತುಳಿದ್ರೆ ಕೂತ್ಕೊಳ್ಳುತ್ತೆ ಬುಡಿ" ಎಂದು ಸಮಾಧಾನ ಹೇಳಿದರು. ಹಾಗೇ ಆಯಿತು ಕೂಡ. ತಿಂಗಳೆರಡು ತಿಂಗಳಲ್ಲಿ ಆ ಹಾಸಿಗೆ ಮೇಷ್ಟ್ರಿಗೆ ಬೇಕಾದಷ್ಟೇ ಗಟ್ಟಿಯಾಯಿತು.

ಅದನ್ನು ಗೋಡೌನಿಗೆ ಇಳಿಸಲು ಹೋದ ದಿನವೇ ಅವರು ಪದ್ಮಶ್ರೀಯನ್ನು ಮೊದಲು ನೋಡಿದ್ದು. ಹದಿಮೂರರ ಹುಡುಗಿ, ಒಂಬತ್ತನೇ ತರಗತಿ, ಹನಗೋಡಿನ ದಾರಿಯಲ್ಲಿರುವ ಒಂದು ಹಳ್ಳಿಯವಳು. ಅಪ್ಪ ಚೆಲುವರಾಜು ಹೊಗೆಸೊಪ್ಪಿನ ಬೆಳೆಗಾರ. ಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ ಗೋಡೆಯಿಂದ ಗೋಡೆಗೆ ಅಡ್ಡಹಾಕಿದ ಗಳಗಳಿರುತ್ತವೆ. ಸೊಪ್ಪು ಕಟ್ಟಿದ ಕಡ್ಡಿಗಳನ್ನು ನೇತುಹಾಕಲು ಆ ಗಳಗಳ ಮೇಲೆ ಕಾಲು ಅಗಲಿಸಿ ನಿಂತು ಸೂರಿನವರೆಗೆ ಹತ್ತಬೇಕು. ಪದ್ಮಶ್ರೀ ಎಂಟು ವರ್ಷದವಳಿದ್ದಾಗಿನಿಂದ ಮನೆಯಲ್ಲಿ ಆ ಕೆಲಸ ಅವಳದೇ. ಮೇಷ್ಟ್ರು ಅವಳ ದಡ್ಡುಗಟ್ಟಿದ ಅಂಗೈ ಮುಟ್ಟಿ ನೋಡಿದ ದಿನವೇ ಕಂಬಿಗೆ ಹತ್ತಿಸಿದ್ದರು.

ಅವಳ ಊರಿನ ಬಸ್ಸು ನಿಲ್ಲುತ್ತಿದ್ದದ್ದು ಜಾನ್ ಪಾಷಾ ಅವರ ಅಂಗಡಿಯ ಎದುರಿಗೆ. ಸಂಜೆ ಬಸ್ಸು ಬರುವತನಕ ಹುಡುಗಿ ಅಂಗಡಿಯೊಳಗೆ ಬಂದು ಕೂರುವುದು ರೂಢಿಯಾಯಿತು. ಜಾನ್ ಪಾಷಾ ಅವರ ಹೆಂಡತಿ ಅಕ್ತರುನ್ನೀಸಾ ದಿಂಬಿನ ಗವಸು ಹೊಲಿಯುತ್ತಾ ಕೂತಿರುತ್ತಿದ್ದರು. ಹುಡುಗಿ ಅವರ ಮುಂದೆ ರಷ್ಯಾದವಳ ಕಥೆ ಬಿಚ್ಚುತ್ತಿದ್ದಳು. ಅವಳ ನಿಜವಾದ ಹೆಸರು ಯಾರ ಬಾಯಿಗೂ ತಿರುಗದ ಕಾರಣ "ರಷ್ಯಾ ಅಕ್ಕ" ಎಂದೇ ಹೆಸರಾಗಿತ್ತು. ನಾಲ್ಕು ವರ್ಷದವಳಿದ್ದಾಗ ಅವಳಮ್ಮ ಅವಳನ್ನು ಜಿಮ್ಮಿಗೆ ಬಿಟ್ಟಳಂತೆ. ಹತ್ತಕ್ಕೆ ಮನೆ ಬಿಟ್ಟು ದೊಡ್ಡ ಊರಿನ ಹಾಸ್ಟೆಲ್ ಸೇರಿದಳಂತೆ. ಹದಿನಾರಕ್ಕೆ ದೊಡ್ಡವರ ತಂಡಕ್ಕೆ ಬಂದು, ಮೊದಲ ಕೂಟದಲ್ಲೇ ಕಂಬಿಯಿಂದ ಜಾರಿ ಬಿದ್ದು, ಮುಂದಿನ ವರ್ಷ ಅದೇ ಕಂಬಿಯಲ್ಲಿ ಪದಕ ತಂದಳಂತೆ.

"ಮೊನ್ನೆ ಬೆನ್ನು ನೋವು ಅಂತ ಕೂಟಕ್ಕೆ ಓಗ್ಲಿಲ್ವಂತೆ ಅಜ್ಜಿ, ಪಾಪ."

"ಅಯ್ಯೋ, ಎಣ್ಣೆ ಹಚ್ಚೋರು ಯಾರೂ ಇಲ್ವಾ ಆ ಹುಡುಗಿಗೆ?" ಎಂದು ಅಕ್ತರುನ್ನೀಸಾ ನಿಜಕ್ಕೂ ಕಳವಳಪಡುತ್ತಿದ್ದರು. ಮಗಳ ಓರಗಿತ್ತಿಯ ಸುದ್ದಿ ಕೇಳಿದಷ್ಟೇ ಸಲಿಗೆಯಿಂದ ಆ ಮನೆಯಲ್ಲಿ ರಷ್ಯಾದ ಸುದ್ದಿ ಕೇಳುತ್ತಿದ್ದರು.

ಮಳೆ ಮುಗಿಯುವ ಹೊತ್ತಿಗೆ ಪದ್ಮಶ್ರೀ ಬೆಂಗಳೂರಿನ ರಾಜ್ಯಮಟ್ಟದ ಆಯ್ಕೆಗೆ ಹೋಗುವುದು ಗೊತ್ತಾಯಿತು. ಈ ತಾಲ್ಲೂಕಿನಿಂದ ಕಂಬಿಯಾಟಕ್ಕೆ ಅಲ್ಲಿಯವರೆಗೆ ಹೋದವರು ಯಾರೂ ಇರಲಿಲ್ಲ. ಆ ವಾರ ಮೇಷ್ಟ್ರನ್ನು ಮನೆಮನೆ ಸಮೀಕ್ಷೆಯ ಕೆಲಸಕ್ಕೆ ಹಾಕಿದ್ದರು. ಗೋಡೌನಿಗೆ ಬೀಗ ಬಿದ್ದಿತ್ತು. ಶುಕ್ರವಾರ ನಮಾಜು ಮುಗಿಸಿ ಆ ದಾರಿಯಲ್ಲಿ ಬರುತ್ತಿದ್ದ ಜಾನ್ ಪಾಷಾ ಶಾಲೆಯ ಆಯಾ ತಿಮ್ಮಮ್ಮ ಕಸ ಗುಡಿಸಲೆಂದು ಬಾಗಿಲು ತೆಗೆದದ್ದನ್ನು ಕಂಡು ಒಳಗೆ ಹೋದರು. ಟಾರ್ಪಾಲು ಎತ್ತಿ ತಮ್ಮ ಹಾಸಿಗೆಯನ್ನು ಮುಟ್ಟಿ ನೋಡಿದರು. ಹಲಗೆ. ನಡುವೆ ಸಣ್ಣ ತಗ್ಗು. ಒಂದು ಮೂಲೆಯಲ್ಲಿ ಮಳೆಯ ಪಸೆ.

ಆ ಕ್ಷಣದಲ್ಲಿ ತಮಗೆ ಬಂದ ಯೋಚನೆ ಯಾವುದು ಎಂದು ಅವರು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದಾರೆ. ದೊಡ್ಡ ಯೋಚನೆಯೇನೂ ಅಲ್ಲ. ಮಗು ದೂರ ಹೋಗುತ್ತಿದೆ, ಹಾಸಿಗೆ ಕೂತುಹೋಗಿದೆ, ಹಿಂಜಿಕೊಡಬೇಕು. ನಲವತ್ತು ವರ್ಷ ಕೈ ಮಾಡಿದ ಕೆಲಸ ಅದು. ತಲೆಯನ್ನು ಕೇಳಲಿಲ್ಲ.

"ಮೇಷ್ಟ್ರು ಯೋಳವ್ರಾ ಸಾಬ್ರೆ?" ಎಂದು, ಹಾಸಿಗೆಯನ್ನು ಹೊರಗೆಳೆಯುವಾಗ ತಿಮ್ಮಮ್ಮ ಕೇಳಿದ್ದಕ್ಕೆ, "ಮೇಷ್ಟ್ರಿಗೂ ಖುಷಿ ಆಗುತ್ತೆ ಬುಡವ್ವ" ಎಂದರು. ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ.

ಮನೆಯಲ್ಲಿ ಅಕ್ತರುನ್ನೀಸಾ ಕೂಡ ಅದೇ ಮಾತು ಕೇಳಿದರು. "ಮೇಷ್ಟ್ರನ್ನ ಒಂದ್ಮಾತು ಕೇಳಿದ್ರಾ?"

"ಮಗಳನ್ನ ಕಳಿಸೋವಾಗ ಯಾರನ್ನ ಕೇಳಿ ಹಾಸಿಗೆ ಹಿಂಜ್ತಾರೆ?"

ಹತ್ತಿಯನ್ನು ಒಣಗಿಸಿ ಹಿಂಜಿದರು. ಜೊತೆಗೆ ಅಂತರಸಂತೆಯಿಂದ ತರಿಸಿ ಇಟ್ಟುಕೊಂಡಿದ್ದ ಬೂರುಗದ ಹತ್ತಿಯನ್ನೂ ಬೆರೆಸಿದರು. ರೇಷ್ಮೆಯಂಥ ಹತ್ತಿ ಅದು, ಬಾಣಂತಿಯರ ದಿಂಬಿಗೆ ಬಿಟ್ಟರೆ ಬೇರೆಯದಕ್ಕೆ ಹಾಕುತ್ತಿರಲಿಲ್ಲ. ಹತ್ತಿ ಉಬ್ಬಲೆಂದು ಹೊಲಿಗೆಯನ್ನು ಅಗಲವಾಗಿ ಹಾಕಿದರು. ಭಾನುವಾರ ಸಂಜೆ ತಂದು ಇದ್ದ ಜಾಗದಲ್ಲೇ ಹಾಸಿ, ಟಾರ್ಪಾಲು ಹೊದಿಸಿದರು. ಹುಡುಗಿ ನಾಳೆ ಕಾಲಿಟ್ಟಾಗ ಅವಳ ಮುಖ ಹೇಗಾಗಬಹುದು ಎಂದು ಯೋಚಿಸುತ್ತಾ ಮನೆಗೆ ಹೋದರು.

ಸೋಮವಾರ ಬೆಳಿಗ್ಗೆ ಸಮೀಕ್ಷೆ ಮುಗಿಸಿದ್ದ ಮೇಷ್ಟ್ರು ನೇರವಾಗಿ ಗೋಡೌನಿಗೆ ಬಂದರು. ಹುಡುಗಿ ಬ್ಯಾರನ್ನಿನ ಕೆಲಸ ಮುಗಿಸಿ ತಡವಾಗಿ ಬಂದವಳು ಅವಸರದಲ್ಲಿ ಮೈ ಸಡಿಲಿಸಿಕೊಂಡು, ಈಚೆ ಕಡೆಯಿಂದಲೇ ಕಂಬಿ ಹತ್ತಿದಳು. ಹಾಸಿಗೆ ಇದ್ದದ್ದು ಆಚೆ ಕಡೆ. ಅದರ ಮೇಲೆ ಅವಳು ಆ ದಿನ ಇನ್ನೂ ಕಾಲೂರಿರಲಿಲ್ಲ. ತಿರುಗಿ, ಕೈಬಿಟ್ಟು, ಒಂದು ಲಾಗ ಹಾಕಿ ಇಳಿದಳು.

ಜಾನ್ ಪಾಷಾ ಅವರಿಗೆ ಸುದ್ದಿ ತಂದದ್ದು ತಿಮ್ಮಮ್ಮ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಓಡಿ ಬಂದಿದ್ದಳು.

"ಕಾಲು ಊತೋಯ್ತು ಸಾಬ್ರೆ. ಕೆಸರ್ಗದ್ದೇಲಿ ಊತೋದಂಗೆ ಊತೋಯ್ತು. ಒಂದು ಕಾಲು ಒಳಿಕ್ಕೆ, ಮೈಯೆಲ್ಲಾ ಇತ್ಲಾಗೆ ತಿರುಕೊಂತು. ಲಟ್ ಅಂತು. ನಾನು ಬಾಕ್ಲಲ್ಲಿ ನಿಂತಿದ್ದೆ, ನಂಗೆ ಕೇಳುಸ್ತು."

ಜಾನ್ ಪಾಷಾ ಕೈಯಲ್ಲಿದ್ದ ದಬ್ಬಣವನ್ನು ಹಾಗೇ ಹಿಡಿದು ಕೂತರು.

"ನೀವು ಇಂಜಿದ್ದು ಯಾರ್ಗೂ ಯೋಳ್ಬೇಡಿ ಕಣ್ರಪ್ಪ," ಎಂದು ತಿಮ್ಮಮ್ಮ ಅತ್ತಳು. "ಬೀಗ ತೆಗ್ದೋಳು ನಾನು. ನನ್ ಕೆಲ್ಸ ಓಯ್ತದೆ."

ಅವರು ತಲೆಯಾಡಿಸಿದರು. ಆ ಬಡ ಹೆಂಗಸಿಗಾಗಿ ಸುಮ್ಮನಿದ್ದೇನೆ ಎಂದು ಮುಂದೆ ಎಷ್ಟೋ ದಿನ ತಮಗೆ ತಾವೇ ಹೇಳಿಕೊಂಡರು. ಅವಳ ಸೆರಗಿನ ಮರೆಯಲ್ಲಿ ತಾವು ಅಡಗಿಕೊಂಡಿರುವುದು ಅವರಿಗೆ ಗೊತ್ತಿರಲಿಲ್ಲ ಎಂದಲ್ಲ.

ಕಾಲಿನ ಗಿಣ್ಣು ಮುರಿದಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ತಂತಿ ಹಾಕಿ ಪಟ್ಟಿ ಕಟ್ಟಿದರು. ಬೆಂಗಳೂರಿನ ಆಯ್ಕೆ ಹುಡುಗಿ ಇಲ್ಲದೆಯೇ ಮುಗಿಯಿತು. ಮೇಷ್ಟ್ರು ಆ ಹಾಸಿಗೆಯನ್ನು ಎತ್ತಿ ಗೋಡೆಗೆ ಒರಗಿಸಿದವರು ಮತ್ತೆ ಅದರ ಕಡೆ ತಿರುಗಿ ನೋಡಲಿಲ್ಲ. ಕಂಬಿಯ ಕೆಳಗೆ ಮತ್ತೆ ಗೋಣಿಚೀಲವೇ ಬಂತು.

ದೀಪಾವಳಿ ಕಳೆದ ಮೇಲೆ ಜಾನ್ ಪಾಷಾ ಬೇಕರಿಯ ಬನ್ನು, ಕಿತ್ತಳೆಹಣ್ಣು ಕಟ್ಟಿಸಿಕೊಂಡು ಹುಡುಗಿಯ ಊರಿಗೆ ಹೋದರು. ಹೇಳಿಬಿಡಬೇಕೆಂದೇ ಬಸ್ಸು ಹತ್ತಿದ್ದರು. ಚೆಲುವರಾಜು ಬ್ಯಾರನ್ನಿಗೆ ಸೌದೆ ಹಾಕುತ್ತಿದ್ದವರು ಕೈ ಒರೆಸಿಕೊಂಡು ಎದುರಿಗೆ ಬಂದರು.

"ಬನ್ನಿ ಸಾಬ್ರೆ, ಬನ್ನಿ. ನೋಡಿ, ನೆಂಟ್ರು ಒಬ್ರೂ ಬರ್ಲಿಲ್ಲ, ನೀವು ಬಂದ್ರಿ. ಕುತ್ಕಳಿ. ಏಯ್, ಕಾಪಿ ತನ್ನಿ!"

ಕಾಫಿ ಬಂತು. ಪದ್ಮಶ್ರೀ ಒಳಗಿನ ಕೋಣೆಯಲ್ಲಿ ಕಾಲು ಚಾಚಿ ಮಲಗಿದ್ದಳು. ಕೆಳಗಿದ್ದ ಹಾಸಿಗೆ ಜಾನ್ ಪಾಷಾ ಅವರೇ ಹೊಲಿದದ್ದು, ಚೆಲುವರಾಜು ಮದುವೆಯದು. ಅಂಚಿನ ಹೊಲಿಗೆಯಲ್ಲೇ ಗುರುತು ಸಿಕ್ಕಿತು.

"ನೋವದಾ ಮಗಾ?"

"ಇಲ್ಲ ತಾತ. ನಂದೇ ತಪ್ಪು. ಕಾಲು ಸರಿಯಾಗಿ ಇಡ್ಲಿಲ್ಲ." ಹುಡುಗಿ ಸೂರು ನೋಡುತ್ತಾ ಹೇಳಿದಳು. "ದಿನಾ ಇಳೀತಿದ್ದೋಳಿಗೆ ಅವತ್ತು ಏನಾಯ್ತು ಅಂತ ಗೊತ್ತಾಗ್ತಿಲ್ಲ. ನಂಗೆ ಕಂಡಂಗೆ ನೆಲ ಬಂದಿತ್ತು. ಆದ್ರೆ ಬಂದಿರ್ಲಿಲ್ಲ."

ಜಾನ್ ಪಾಷಾ ಬಾಯಿ ತೆರೆದರು. ಅಷ್ಟರಲ್ಲಿ ಹುಡುಗಿಯ ಅಜ್ಜಿ ಕುಳ್ಳಮ್ಮ ಬಾಗಿಲಲ್ಲಿ ಕಾಣಿಸಿಕೊಂಡು, "ಕಣ್ಣು ಕಣ್ರಪ್ಪ ಇದು, ದೃಷ್ಟಿ. ಊರೆಲ್ಲಾ ಬೆಂಗ್ಳೂರು ಬೆಂಗ್ಳೂರು ಅಂತು, ತಗಲ್ತು" ಎಂದು ಕೂತರು. ಮತ್ತೆ ದನಿ ತಗ್ಗಿಸಿ, "ಸಾಬ್ರೆ, ನಿಮ್ ದರ್ಗಾದಲ್ಲಿ ಒಂದು ದಾರ ಮಂತ್ರಿಸ್ಕೊಂಡು ಬನ್ನಿ. ನಿಮ್ಮೋರ ದಾರಕ್ಕೆ ಬಲ ಜಾಸ್ತಿ. ಯಾರ ಕಣ್ಣು ಬಿತ್ತೋ ಅವ್ರ ಮನೆ ಮುರ್ದೋಗ್ಲಿ" ಎಂದರು.

ಅವರು ದಾರ ತಂದುಕೊಟ್ಟರು. ದರ್ಗಾದಲ್ಲಿ ನಿಂತಾಗ ಏನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. ಹುಡುಗಿಯ ಕಾಲು ವಾಸಿಯಾಗಲಿ ಎಂದು ಬೇಡಿದರು. ಆ ಬೇಡಿಕೆಯ ಹಿಂದೆಯೇ, ಯಾರಿಗೂ ಗೊತ್ತಾಗದಿರಲಿ ಎಂಬ ಇನ್ನೊಂದು ಬೇಡಿಕೆ ತಾನಾಗಿ ಬಂದು ನಿಂತಿತು. ಅದನ್ನು ಹಿಂದಕ್ಕೆ ಕಳಿಸಲು ಆಗಲಿಲ್ಲ.

ಅಂಗಡಿಯಲ್ಲಿ ಕೆಲಸ ನಡೆಯುತ್ತಿತ್ತು. ಆದರೆ ಹಿಂಜಲು ಬಂದ ಹಾಸಿಗೆಗಳನ್ನು ಅವರು ಈಗ ಏನೋ ನೆಪ ಹೇಳಿ ವಾಪಸ್ಸು ಕಳಿಸುತ್ತಿದ್ದರು. ಮಷೀನು ಕೆಟ್ಟಿದೆ, ಹವಾ ಸರಿಯಿಲ್ಲ, ಮುಂದಿನ ವಾರ ನೋಡೋಣ. ಹೆಂಡತಿ ಎಲ್ಲವನ್ನೂ ನೋಡುತ್ತಿದ್ದರು. ಮೊದಮೊದಲು, "ನೀವು ಬೇಕು ಅಂತ ಮಾಡಿದ್ದಲ್ಲ. ಸುಮ್ನಿರಿ. ಕಾಲ ಚೆನ್ನಾಗಿಲ್ಲ. ಸಾಬರು ಹುಡುಗಿ ಕಾಲು ಮುರಿಸಿದ್ರು ಅಂತ ಯಾರಾದ್ರೂ ಮೊಬೈಲಲ್ಲಿ ಹಾಕಿದ್ರೆ?" ಎಂದಿದ್ದರು. ಜಾನ್ ಪಾಷಾ ಆ ಮಾತನ್ನು ಊರುಗೋಲಿನಂತೆ ಹಿಡಿದುಕೊಂಡರು. ಹೆಂಡತಿ ಹೆದರಿದ್ದಾಳೆ, ಅವಳಿಗಾಗಿ ಸುಮ್ಮನಿರಬೇಕು. ಹೀಗೆ ಸುಮ್ಮನಿರುವುದಕ್ಕೆ ಇಬ್ಬರು ಹೆಂಗಸರು ಸಿಕ್ಕಂತಾಯಿತು.

ಸಂಕ್ರಾಂತಿ ಕಳೆದು ಪಟ್ಟಿ ಬಿಚ್ಚಿದರು. ಗಿಣ್ಣು ಚೆನ್ನಾಗಿ ಕೂಡಿಕೊಂಡಿದೆ, ಕುಣಿಯಬಹುದು ಎಂದರಂತೆ ಡಾಕ್ಟರು. ಪದ್ಮಶ್ರೀ ಮತ್ತೆ ಗೋಡೌನಿಗೆ ಬರತೊಡಗಿದಳು. ಅಂಗಡಿಗೆ ಮಾತ್ರ ಬರಲಿಲ್ಲ. ಬಸ್ಸಿಗೆ ಕಾಯುತ್ತಾ ರಸ್ತೆಯ ಆಚೆಯೇ ನಿಲ್ಲುತ್ತಿದ್ದಳು. ಅಕ್ತರುನ್ನೀಸಾ ಒಂದು ದಿನ ತಾವೇ ಹೋಗಿ, "ಏನೇ, ನಮ್ ರಷ್ಯಾ ಅಕ್ಕ ಹೇಗವ್ಳೆ?" ಎಂದು ಕೇಳಿದರು. ಹುಡುಗಿ, "ಗೊತ್ತಿಲ್ಲ ಅಜ್ಜಿ, ನೋಡದು ಬುಟ್ಬುಟ್ಟೆ" ಎಂದಳಂತೆ.

ಮಾರ್ಚ್ ತಿಂಗಳ ಮೊದಲಲ್ಲಿ ಮೇಷ್ಟ್ರು ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತರು. ದಿಂಬು ಬೇಕೆಂದರು. ಆಮೇಲೆ ದಿಂಬಿನ ಮಾತು ಬಿಟ್ಟರು.

"ಕೈ ಬಿಡ್ತಿಲ್ಲ ಸಾಬ್ರೆ. ಎಲ್ಲಾ ಮಾಡ್ತಾಳೆ, ಮೊದಲಿಗಿಂತ ಚೆನ್ನಾಗೇ ಮಾಡ್ತಾಳೆ. ಕೊನೇಲಿ ಕಂಬಿ ಬಿಟ್ಟು ಇಳೀಬೇಕಲ್ಲ, ಅಲ್ಲಿ ಕೈ ಬಿಡ್ತಿಲ್ಲ. ನೇತಾಡ್ಕೊಂಡು ಮೆಲ್ಲಗೆ ಜಾರ್ತಾಳೆ. ಯಾಕವ್ವ ಅಂದ್ರೆ, ನಂಗೆ ನೆಲ ಎಲ್ಲದೆ ಅಂತ ಗೊತ್ತಾಗಲ್ಲ ಸಾರ್, ನನ್ನ ಲೆಕ್ಕಾನೇ ತಪ್ಪು ಅಂತಾಳೆ." ಅವರು ಹಣೆ ಉಜ್ಜಿಕೊಂಡರು. "ಮುಂದಿನ ತಿಂಗಳು ಮೈಸೂರಲ್ಲಿ ಕ್ರೀಡಾ ಹಾಸ್ಟೆಲಿಗೆ ಹುಡುಗೀರ್ನ ಆರಿಸ್ತಾರೆ. ಅಲ್ಲಿ ಸೇರಿದ್ರೆ ಬದುಕು ಆಯ್ತು. ಇಲ್ಲಾಂದ್ರೆ ಅವರಪ್ಪ ಸಾಕು ಬುಡಿ ಅಂತ ಕೂತವ್ರೆ. ಎಲ್ಲಾ ನನ್ನಿಂದ. ಡ್ಯೂಟಿ ಮುಗ್ಸಿ ಬಂದ ದಿನಾನೇ ಅವಳನ್ನ ಕಂಬಿಗೆ ಹತ್ತಿಸಬಾರದಾಗಿತ್ತು. ವಾರದಿಂದ ಅಭ್ಯಾಸ ಇರ್ಲಿಲ್ಲ. ನಾನೇ ಆ ಮಗೀನ ಕೆಡಿಸ್ದೆ."

ಜಾನ್ ಪಾಷಾ ಹತ್ತಿಯ ಒಂದು ಎಳೆಯನ್ನು ಬೆರಳಲ್ಲಿ ಸುತ್ತುತ್ತಾ ಕೂತರು. ಮೇಷ್ಟ್ರು ಎದ್ದು ಹೋದರು.

ಒಳಗಿನಿಂದ ಅಕ್ತರುನ್ನೀಸಾ ಬಂದು ಗಂಡನ ಎದುರಿಗೆ ನಿಂತರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಆ ಹುಡುಗಿ ತನ್ನ ಕಾಲನ್ನೇ ನಂಬ್ತಿಲ್ಲ. ಆ ಮನುಷ್ಯ ತನ್ನನ್ನೇ ಬೈಕೋತಾ ಇದ್ದಾನೆ. ಇನ್ನೂ ಎಷ್ಟು ಜನರ ತಲೆ ಮೇಲೆ ಹಾಕ್ತೀರಿ?"

"ನೀನೇ ತಾನೆ ಸುಮ್ನಿರಿ ಅಂದಿದ್ದು."

"ಅಂದೆ. ಈಗ ಅಲ್ಲ ಅಂತಿದೀನಿ. ನನ್ನ ಹೆಸರು ಹೇಳ್ಕೊಂಡು ಸುಮ್ನಿರಬೇಡಿ. ಭಯ ನಂದು ಇರಬಹುದು. ಬಾಯಿ ನಿಮ್ದು."

ಮಾರನೆಯ ದಿನ ಮಧ್ಯಾಹ್ನ ಅವರು ಮೊದಲು ತಿಮ್ಮಮ್ಮನನ್ನು ಕಂಡರು. "ಮೇಷ್ಟ್ರು ಹೇಳವ್ರೆ ಅಂತ ನಾನು ನಿಮಗೆ ಸುಳ್ಳು ಹೇಳಿ ಹಾಸಿಗೆ ತಗೊಂಡು ಹೋದೆ. ಯಾರು ಕೇಳಿದ್ರೂ ಹಾಗೇ ಅನ್ನಿ" ಎಂದರು. ತಿಮ್ಮಮ್ಮ ಅವರ ಮುಖವನ್ನೇ ನೋಡಿದಳು. "ನಿಮ್ಗೆ ನಿದ್ದೆ ಬತ್ತಿರ್ಲಿಲ್ವಾ ಸಾಬ್ರೆ? ನಂಗೂ ಬತ್ತಿರ್ಲಿಲ್ಲ" ಎಂದಳು.

ಗೋಡೌನಿನಲ್ಲಿ ಮೇಷ್ಟ್ರಿದ್ದರು. ಚೆಲುವರಾಜು ಕೂಡ ಇದ್ದರು. ಮಗಳನ್ನು ಇನ್ನು ಕಳಿಸುವುದಿಲ್ಲ ಎಂದು ಹೇಳಲು ಬಂದವರು ಬಾಗಿಲ ಹತ್ತಿರ ಚಪ್ಪಲಿ ಕಳಚಿ ಗೋಡೆಗೆ ಒರಗಿ ನಿಂತಿದ್ದರು. ಪದ್ಮಶ್ರೀ ಕಂಬಿಯಲ್ಲಿ ನೇತಾಡುತ್ತಿದ್ದವಳು ಜಾರಿ ಇಳಿದು, ಅಂಗೈಗೆ ಹಚ್ಚಿದ ಸೀಮೆಸುಣ್ಣದ ಪುಡಿಯನ್ನು ಒರೆಸಿಕೊಂಡಳು.

ಜಾನ್ ಪಾಷಾ ಏನೂ ಪೀಠಿಕೆ ಹಾಕಲಿಲ್ಲ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋಗಿದ್ದವು. ಗೋಡೆಗೆ ಒರಗಿಸಿದ್ದ ಹಾಸಿಗೆಯ ಹತ್ತಿರ ಹೋಗಿ ಟಾರ್ಪಾಲು ಎಳೆದರು.

"ಸಾರ್, ಇದರ ಮೇಲೆ ಕೈ ಇಟ್ಟು ಒತ್ತಿ."

ಮೇಷ್ಟ್ರು ಏನೆಂದು ತಿಳಿಯದೆ ಒತ್ತಿದರು. ಮುಷ್ಟಿ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ಹೊರಗೆಳೆದು ಮತ್ತೊಮ್ಮೆ ಒತ್ತಿದರು.

"ಆ ವಾರ ನೀವು ಇರಲಿಲ್ಲ. ಮಗು ಬೆಂಗಳೂರಿಗೆ ಹೋಗ್ತಾ ಇದೆ ಅಂತ ನಾನು ಇದನ್ನ ಬಿಚ್ಚಿ ಹಿಂಜಿದೆ. ಬೂರುಗ ಹಾಕಿದೆ. ನಿಮ್ಮನ್ನ ಕೇಳಲಿಲ್ಲ. ತಿಮ್ಮಮ್ಮನಿಗೆ ನೀವು ಹೇಳಿದ್ದೀರಿ ಅಂತ ಸುಳ್ಳು ಹೇಳಿದೆ. ಅವಳು ಬಿದ್ದ ದಿನವೇ ನನಗೆ ಗೊತ್ತಾಯ್ತು, ಯಾಕೆ ಬಿದ್ದಳು ಅಂತ. ಇವತ್ತಿನವರೆಗೂ ಹೇಳಲಿಲ್ಲ."

ಮೇಷ್ಟ್ರ ಕೈ ಇನ್ನೂ ಹಾಸಿಗೆಯ ಮೇಲೇ ಇತ್ತು.

"ನಿಲ್ಲೋಕೆ ಅಂತ ಹೇಳಿದ್ನಲ್ಲ ಸಾಬ್ರೆ," ಎಂದರು ಅವರು ಕೊನೆಗೆ. ಸಿಟ್ಟಿನಿಂದ ಶುರುವಾದ ಮಾತು ನಡುವೆಯೇ ದನಿ ಕಳೆದುಕೊಂಡಿತು. "ಹೇಳಿದ್ನಲ್ಲ. ಥೂ, ನಾನೂ ಒಂದು ಸಲ ಒತ್ತಿ ನೋಡ್ಲಿಲ್ವಲ್ಲ."

ಚೆಲುವರಾಜು ಗೋಡೆ ಬಿಟ್ಟು ಮುಂದೆ ಬಂದರು. ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು ಎಂದು ಜಾನ್ ಪಾಷಾ ಅವರಿಗೆ ಅನಿಸಿತು.

"ನನ್ ಮಗಳ ಕಾಲು ಮುರ್ದು, ನನ್ ಮನೇಲಿ ಕುಂತು ಕಾಪಿ ಕುಡುದ್ರಲ್ಲ ಸಾಬ್ರೆ. ನಮ್ಮವ್ವ ನಿಮ್ ಕೈಲಿ ದಾರ ತರುಸ್ಕೊಂಡ್ಲಲ್ಲ. ಅವತ್ತು ಯೋಳಿದ್ರೆ ನಿಮ್ಮನ್ನ ಒಡೀತಿದ್ನಾ ನಾನು?"

"ಹೊಡೀತಾ ಇರಲಿಲ್ಲ."

"ಮತ್ತೆ?"

ಜಾನ್ ಪಾಷಾ ತಲೆ ತಗ್ಗಿಸಿ ನಿಂತರು.

ಹುಡುಗಿ ಅಷ್ಟು ಹೊತ್ತೂ ಹಾಸಿಗೆಯನ್ನೇ ನೋಡುತ್ತಿದ್ದಳು. ಹತ್ತಿರ ಬಂದು ತಾನೂ ಅದರೊಳಗೆ ಮುಷ್ಟಿ ಇಟ್ಟು ನೋಡಿದಳು.

"ಅಂಗಾದ್ರೆ ಅವತ್ತು ನಾನು ಇಳ್ದಿದ್ದು ಸರೀಗೇ ಇತ್ತಾ?"

"ಸರಿಯಾಗೇ ಇತ್ತು ಕಣವ್ವ. ನಿನ್ನ ಕಾಲು ತಪ್ಪಲಿಲ್ಲ. ನೆಲ ತಪ್ಪಿತ್ತು. ಅದನ್ನ ತಪ್ಪಿಸಿದ್ದು ನಾನು."

"ಸರೀಗೇ ಇತ್ತು," ಎಂದಳು ಅವಳು ಇನ್ನೊಮ್ಮೆ, ಯಾರಿಗೂ ಅಲ್ಲದಂತೆ. ಮುಖ ಕೆಂಪಾಯಿತು. ಮರುಕ್ಷಣ ಕಣ್ಣಲ್ಲಿ ನೀರು ಬಂತು. "ಐದು ತಿಂಗಳು ತಾತ. ನಾನು ಮಲಿಕ್ಕಂಡು ಮಲಿಕ್ಕಂಡು ಅದ್ನೇ ಲೆಕ್ಕ ಆಕ್ತಿದ್ದೆ, ಎಲ್ಲಿ ತಪ್ಪಿದೆ ಅಂತ. ನೀವು ಪಕ್ಕದಲ್ಲೇ ಕುಂತಿದ್ರಿ. ಯೋಳ್ಬೋದಿತ್ತು."

"ಹೇಳಬಹುದಿತ್ತು."

ಅವಳು ಕಂಬಿಯ ಆಚೆಗೆ ಹೋಗಿ ಬೆನ್ನು ಹಾಕಿ ಕೂತಳು. ಮೇಷ್ಟ್ರು ಸನ್ನೆ ಮಾಡಿ ಇಬ್ಬರನ್ನೂ ಹೊರಗೆ ಕರೆದರು. ಜಾನ್ ಪಾಷಾ ಹೊರಗೆ ಹೋಗಲಿಲ್ಲ. ಜೇಬಿನಿಂದ ಬ್ಲೇಡು ತೆಗೆದು ಅಲ್ಲೇ ಕೂತು ಹಾಸಿಗೆಯ ಹೊಲಿಗೆ ಬಿಚ್ಚತೊಡಗಿದರು. ಯಾರೂ ಹೇಳಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಬೂರುಗದ ಹತ್ತಿ ಹೊಗೆಸೊಪ್ಪಿನ ವಾಸನೆಯ ಆ ಗೋಡೌನಿನ ತುಂಬ ಹಾರಾಡಿತು. ನಾರನ್ನು ಹಾಗೇ ಬಿಟ್ಟು, ಹತ್ತಿಯನ್ನು ಅಂಗೈ ದಪ್ಪಕ್ಕೆ ಇಳಿಸಿ, ಮೇಷ್ಟ್ರನ್ನು ಕರೆದರು. "ಸಾರ್, ನೀವು ಒತ್ತಿ ನೋಡಿ. ಇಷ್ಟು ಸಾಕಾ?" ಮೇಷ್ಟ್ರು ನಿಂತು ನೋಡಿದರು. "ಇನ್ನೂ ಗಟ್ಟಿ." ಮತ್ತಷ್ಟು ತೆಗೆದರು. "ಇನ್ನೂ." ದಬ್ಬಣ ತರಲು ತಿಮ್ಮಮ್ಮ ಅಂಗಡಿಗೆ ಓಡಿದಳು. ಆ ದಿನ, ಮಾರನೆಯ ದಿನ ಕೂತು ಬೆರಳಿಗೆ ಬೆರಳು ಒತ್ತಿದಂತೆ ಹೊಲಿಗೆ ಹಾಕಿದರು. ಮುಗಿದ ಮೇಲೆ ಚಪ್ಪಲಿ ಬಿಟ್ಟು ತ್ರಾಣ ಇರುವಷ್ಟು ಹೊತ್ತು ಅದರ ಮೇಲೆ ನಡೆದರು. ಜೀವಮಾನದಲ್ಲಿ ತಾವು ಹೊಲಿದ ಹಾಸಿಗೆಯನ್ನು ಅವರು ಕಾಲಿನಿಂದ ತುಳಿದದ್ದು ಅದೇ ಮೊದಲು.

ಚೆಲುವರಾಜು ಆ ಎರಡು ದಿನವೂ ಬಂದು ಬಾಗಿಲಲ್ಲಿ ನಿಂತಿದ್ದರು. ಮಗಳನ್ನು ಕರೆದುಕೊಂಡು ಹೋಗುವ ಮಾತು ಎತ್ತಲಿಲ್ಲ. ಜಾನ್ ಪಾಷಾ ಅವರ ಜೊತೆಯೂ ಮಾತಾಡಲಿಲ್ಲ.

ಮೂರನೆಯ ದಿನ ಹುಡುಗಿ ಹಾಸಿಗೆಯ ಮೇಲೆ ನಿಂತು ಹಿಮ್ಮಡಿಯಿಂದ ಕುಟ್ಟಿ ನೋಡಿದಳು. ನಾಲ್ಕೂ ಮೂಲೆ ಕುಟ್ಟಿದಳು. ಹೋಗಿ ಕಂಬಿ ಹತ್ತಿದಳು. ಜಾನ್ ಪಾಷಾ ಬಾಗಿಲ ಹೊರಗೆ ಹೋಗಲು ಎದ್ದರು. ನೋಡುವ ಧೈರ್ಯವಿರಲಿಲ್ಲ.

"ಓಗ್ಬೇಡಿ," ಎಂದಳು ಹುಡುಗಿ ಮೇಲಿನಿಂದ. "ಅಲ್ಲೇ ನಿಂತ್ಕೊಂಡು ನೋಡಿ. ನನ್ನಲ್ಲ. ಕಾಲ್ನ."

ಮೊದಲ ಸಲ ತಿರುಗಿದವಳು ಕೈ ಬಿಡಲಿಲ್ಲ. ಎರಡನೆಯ ಸಲವೂ ಬಿಡಲಿಲ್ಲ. ಮೇಷ್ಟ್ರು ಕೆಳಗೆ ಕೈಚಾಚಿ ನಿಂತಿದ್ದರು. ಮೂರನೆಯ ಸುತ್ತಿನಲ್ಲಿ ಕಂಬಿ ಕಿರ್ ಎಂದು ಬಾಗಿ ಸೆಟೆಯಿತು. ಕೈಗಳು ಬಿಟ್ಟವು. ಜಾನ್ ಪಾಷಾ ಅವಳ ಮುಖ ನೋಡಲಿಲ್ಲ, ತಿರುವು ನೋಡಲಿಲ್ಲ. ಎರಡು ಪಾದಗಳು ಟಾರ್ಪಾಲಿನ ಮೇಲೆ ಬಂದು ಕೂತವು. ಹಾಸಿಗೆ ತಗ್ಗಲಿಲ್ಲ. ಧಪ್ ಎಂದು ಗಟ್ಟಿಯಾಗಿ ಸದ್ದಾಯಿತು. ಬಲಗಾಲು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು.

"ಹೆಜ್ಜೆ!" ಎಂದು ಮೇಷ್ಟ್ರು ಕೂಗಿದರು. ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯುವಂತಿರಲಿಲ್ಲ. "ಮಾರ್ಕು ಹೋಯ್ತು ನೋಡು!"

ಹುಡುಗಿ ಏದುಸಿರು ಬಿಡುತ್ತಾ ಜಾನ್ ಪಾಷಾ ಅವರ ಕಡೆ ತಿರುಗಿದಳು. ಅವರ ಮುಖ ಬಿಳುಚಿಕೊಂಡದ್ದು ಕಾಣಿಸಿರಬೇಕು.

"ಇದು ನಂದು ತಪ್ಪು ತಾತ," ಎಂದಳು. "ನಿಮ್ದಲ್ಲ ಬುಡಿ."

ಹೇಳಿ, ಮತ್ತೆ ಕಂಬಿಯ ಕಡೆ ನಡೆದಳು. ಜಾನ್ ಪಾಷಾ ಬಾಗಿಲಿನ ಚೌಕಟ್ಟು ಹಿಡಿದು ನಿಂತರು. ಆ ದಿನವೂ ಬಂದು ಪಕ್ಕದಲ್ಲಿ ನಿಂತಿದ್ದ ಚೆಲುವರಾಜು ತಿರುಗಿ ನೋಡಲಿಲ್ಲ. ಆದರೆ ಒಬ್ಬರಿಗೆ ಸಾಕಾಗುವಷ್ಟಿದ್ದ ಆ ಬಾಗಿಲಲ್ಲಿ ಒಂದಿಷ್ಟು ಸರಿದು ಜಾಗ ಬಿಟ್ಟರು.